ಓದುಗರ ಪ್ರಶ್ನೆಗೆ ಉತ್ತರ: ಏಳು ಪ್ರಸ್ತಾವಗಳು, ಒಬ್ಬ ಗವರ್ನರ್ ಮತ್ತು ನನ್ನ ಮತ

2022ರ ನವೆಂಬರ್ 8ರಂದು ಕ್ಯಾಲಿಫೋರ್ನಿಯಾದಲ್ಲಿ ನಡೆದ ಚುನಾವಣೆಯಲ್ಲಿ ಗವರ್ನರ್ ಸ್ಥಾನಕ್ಕೆ ಡೆಮಾಕ್ರಟಿಕ್ ಪಕ್ಷದ ಗ್ಯಾವಿನ್ ನ್ಯೂಸಮ್ ಅವರಿಗೆ ಮತ ನೀಡಿದ್ದನ್ನೂ, ಅದೇ ಮತಪತ್ರದಲ್ಲಿ ಜನರೇ ಒಪ್ಪಬೇಕೋ ತಿರಸ್ಕರಿಸಬೇಕೋ ಎಂದು ತೀರ್ಮಾನಿಸಲಿದ್ದ ಏಳು ಕಾನೂನು ಪ್ರಸ್ತಾವಗಳ ಪೈಕಿ ಎರಡಕ್ಕೆ ಮಾತ್ರ ‘ಹೌದು’ ಎಂದು ಗುರುತು ಹಾಕಿದ್ದನ್ನೂ ಈ ಅಂಕಣದಲ್ಲಿ ಹಿಂದೊಮ್ಮೆ ಬರೆದಿದ್ದೆ. ಅದನ್ನು ಓದಿ ಊರಿನಿಂದಲೂ ಅಮೆರಿಕದಲ್ಲಿರುವ ಕನ್ನಡಿಗರಿಂದಲೂ ಬಂದ ಪತ್ರಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಮ್ಮಲ್ಲಿ ರಾಜ್ಯಪಾಲರನ್ನು ರಾಷ್ಟ್ರಪತಿಗಳು ನೇಮಿಸುತ್ತಾರೆ, ಕಾನೂನನ್ನು ಶಾಸಕರು ಮಾಡುತ್ತಾರೆ. ಅಲ್ಲಿ ಎರಡನ್ನೂ ಜನರೇ ಮಾಡುತ್ತಾರೆಂದರೆ ಶಾಸನಸಭೆಗೆ ಉಳಿಯುವ ಕೆಲಸವೇನು? (ರಾಜ್ಯಶಾಸ್ತ್ರದ ವಿದ್ಯಾರ್ಥಿ, ಧಾರವಾಡ)

ಉತ್ತರ: ಅಧಿಕಾರದ ದೃಷ್ಟಿಯಿಂದ ಅಲ್ಲಿನ ಗವರ್ನರ್ ನಮ್ಮ ಮುಖ್ಯಮಂತ್ರಿಗೆ ಹತ್ತಿರ. ನಾಲ್ಕು ವರ್ಷದ ಅವಧಿಗೆ ಜನರಿಂದ ನೇರವಾಗಿ ಆಯ್ಕೆಯಾಗುವ ಅವರು ಎರಡು ಅವಧಿಗಿಂತ ಹೆಚ್ಚು ಆ ಸ್ಥಾನದಲ್ಲಿರುವಂತಿಲ್ಲ. ಶಾಸನಸಭೆಯಲ್ಲಿ ಬಹುಮತವಿಲ್ಲದಿದ್ದರೂ ಅವರ ಕುರ್ಚಿ ಅಲುಗಾಡುವುದಿಲ್ಲ, ಮಸೂದೆಯನ್ನು ತಿರಸ್ಕರಿಸುವ ಅಧಿಕಾರದ ಜೊತೆಗೆ ಬಜೆಟ್ಟಿನ ಒಂದೊಂದು ಬಾಬತ್ತನ್ನು ಪ್ರತ್ಯೇಕವಾಗಿ ಹೊಡೆದುಹಾಕುವ ಅಧಿಕಾರವೂ ಅವರಿಗಿದೆ.

ಪ್ರಸ್ತಾವಗಳ ಕಥೆ ಹೆಚ್ಚು ಗಮನಿಸಬೇಕಾದದ್ದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸದರ್ನ್ ಪೆಸಿಫಿಕ್ ರೈಲ್ವೆ ಕಂಪನಿಯ ಹಿಡಿತ ಕ್ಯಾಲಿಫೋರ್ನಿಯಾದ ಶಾಸನಸಭೆಯ ಮೇಲೆ ಎಷ್ಟು ಬಿಗಿಯಾಗಿತ್ತೆಂದರೆ, ಆ ಹಿಡಿತವನ್ನು ಸಡಿಲಿಸುತ್ತೇನೆಂದೇ ಹೈರಮ್ ಜಾನ್ಸನ್ 1910ರಲ್ಲಿ ಗವರ್ನರ್ ಆಗಿ ಗೆದ್ದು ಬಂದರು. ಮರುವರ್ಷ, 1911ರಲ್ಲಿ, ಜನರೇ ಕಾನೂನು ಬರೆಯುವ, ಶಾಸನಸಭೆಯ ಕಾನೂನನ್ನು ಜನರ ಮುಂದೆ ತಂದು ನಿಲ್ಲಿಸುವ ಮತ್ತು ಚುನಾಯಿತರನ್ನು ಹಿಂದಕ್ಕೆ ಕರೆಸಿಕೊಳ್ಳುವ ಮೂರು ಹಕ್ಕುಗಳು ರಾಜ್ಯ ಸಂವಿಧಾನಕ್ಕೆ ಸೇರಿದವು. ಕಳೆದ ಗವರ್ನರ್ ಚುನಾವಣೆಯಲ್ಲಿ ಬಿದ್ದ ಮತಗಳ ಶೇ. 5ರಷ್ಟು ಸಹಿ ಸಂಗ್ರಹಿಸಿದರೆ ಹೊಸ ಕಾನೂನನ್ನೂ, ಶೇ. 8ರಷ್ಟು ಸಂಗ್ರಹಿಸಿದರೆ ಸಂವಿಧಾನ ತಿದ್ದುಪಡಿಯನ್ನೂ ಮತಪತ್ರಕ್ಕೆ ತರಬಹುದು. ರಾಜ್ಯ ಸಂವಿಧಾನಕ್ಕೆ ಶಾಸನಸಭೆಯೇ ಸೂಚಿಸುವ ತಿದ್ದುಪಡಿಗಳೂ ಜನರ ಒಪ್ಪಿಗೆಯಿಲ್ಲದೆ ಜಾರಿಗೆ ಬರುವುದಿಲ್ಲ.

ನಿಮ್ಮ ಪ್ರಶ್ನೆಯ ಎರಡನೆಯ ಭಾಗಕ್ಕೆ ಉತ್ತರ ಇಲ್ಲಿದೆ: ದಿನನಿತ್ಯದ ಕಾನೂನುಗಳೆಲ್ಲವನ್ನೂ ಶಾಸನಸಭೆಯೇ ಮಾಡುತ್ತದೆ, ಆದರೆ ಸಹಿ ಸಂಗ್ರಹದಿಂದ ಬಂದು ಜನರು ಒಪ್ಪಿದ ಕಾನೂನನ್ನು, ಅದರ ಬರಹದಲ್ಲಿಯೇ ಅವಕಾಶ ಕೊಟ್ಟಿದ್ದರೆ ಹೊರತು, ಶಾಸನಸಭೆಯು ಜನರನ್ನು ಮತ್ತೊಮ್ಮೆ ಕೇಳದೆ ತಿದ್ದುವಂತಿಲ್ಲ. ಆಸ್ತಿ ತೆರಿಗೆಗೆ ಮಿತಿ ಹಾಕಿದ 1978ರ ಪ್ರಸ್ತಾವ 13 ಇಂದಿಗೂ ಆ ರಾಜ್ಯದ ಶಾಲೆ, ಮನೆ, ಬಜೆಟ್ಟುಗಳ ಲೆಕ್ಕವನ್ನು ನಿರ್ಧರಿಸುತ್ತಿದೆ. ಒಂದು ಸಾಲಿನಲ್ಲಿ ತಪ್ಪಿದ್ದರೂ ಅದು ದಶಕಗಳ ಕಾಲ ಉಳಿಯಬಹುದೆಂಬ ಕಾರಣಕ್ಕಾಗಿಯೇ, ಪ್ರಸ್ತಾವದ ಉದ್ದೇಶ ಎಷ್ಟೇ ಒಳ್ಳೆಯದಿದ್ದರೂ ನಾನು ಅದರ ಬರಹವನ್ನು ಓದಿ, ಆ ಬರಹಕ್ಕೆ ಮತ ಹಾಕುತ್ತೇನೆ. ಮುಂದಿನ ಉತ್ತರಗಳೆಲ್ಲ ಈ ಒಂದು ನಿಲುವಿನಿಂದ ಹೊರಟವು.

ಪ್ರಶ್ನೆ: ಗರ್ಭಪಾತದ ಹಕ್ಕು ಕ್ಯಾಲಿಫೋರ್ನಿಯಾದಲ್ಲಿ ಮೊದಲೇ ಇತ್ತಲ್ಲವೇ? ಇದ್ದ ಹಕ್ಕಿಗೆ ಪ್ರಸ್ತಾವ 1ರ ಅಗತ್ಯವೇನಿತ್ತು? (ಗೃಹಿಣಿ, ಬೆಳಗಾವಿ)

ಉತ್ತರ: ಇತ್ತು, ಆದರೆ ರಾಜ್ಯ ಸಂವಿಧಾನದಲ್ಲಿ ಆ ಹಕ್ಕನ್ನು ಹೆಸರಿಟ್ಟು ಬರೆದಿರಲಿಲ್ಲ. ಖಾಸಗಿತನದ ಹಕ್ಕಿನ ಅಡಿಯಲ್ಲಿ ನ್ಯಾಯಾಲಯಗಳು ಅದನ್ನು ಕಂಡುಕೊಂಡಿದ್ದವು. 2022ರ ಜೂನ್ 24ರಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಸುಮಾರು ಐವತ್ತು ವರ್ಷಗಳ ಹಿಂದಿನ ತನ್ನದೇ ತೀರ್ಪನ್ನು ರದ್ದುಪಡಿಸಿ ಈ ವಿಷಯವನ್ನು ರಾಜ್ಯಗಳಿಗೆ ಬಿಟ್ಟಾಗ, ನ್ಯಾಯಾಧೀಶರು ಬದಲಾದರೆ ಹಕ್ಕೂ ಹೋಗಬಹುದೆಂಬುದು ಎಲ್ಲರಿಗೂ ಮನವರಿಕೆಯಾಯಿತು. ಆ ಹಕ್ಕನ್ನು ರಾಜ್ಯ ಸಂವಿಧಾನದಲ್ಲಿಯೇ ಬರೆದಿಡುವ ಪ್ರಸ್ತಾವ 1 ಚಿಕ್ಕದು, ಸ್ಪಷ್ಟವಾದದ್ದು, ಶಾಸನಸಭೆಯಲ್ಲಿ ಚರ್ಚೆಯಾಗಿ ಬಂದದ್ದು; ಯಾವ ಕಂಪನಿಗೂ ಅದರಿಂದ ಲಾಭವಿರಲಿಲ್ಲ. ಸುಮಾರು ಶೇ. 67ರಷ್ಟು ಮತದಾರರು ಅದನ್ನು ಒಪ್ಪಿದರು.

ನೀವು ಬೆಳಗಾವಿಯವರಾದ್ದರಿಂದ ಒಂದು ಮಾತನ್ನು ಸೇರಿಸಬೇಕೆನಿಸುತ್ತದೆ. ನಿಮ್ಮ ಊರಿನ ಮನೆಮಗಳು, ದಂತವೈದ್ಯೆ ಸವಿತಾ ಹಾಲಪ್ಪನವರ, 2012ರ ಅಕ್ಟೋಬರ್‌ನಲ್ಲಿ ಐರ್ಲೆಂಡಿನ ಗಾಲ್ವೇಯಲ್ಲಿ ತೀರಿಕೊಂಡರು. ಗರ್ಭ ಉಳಿಯುವುದಿಲ್ಲವೆಂದು ತಿಳಿದ ಮೇಲೂ, ಭ್ರೂಣದ ಹೃದಯಬಡಿತ ಇದೆಯೆಂಬ ಕಾರಣಕ್ಕೆ ಗರ್ಭಪಾತವನ್ನು ನಿರಾಕರಿಸಲಾಗಿತ್ತು. ನಂಜು ಏರಿ ಪ್ರಾಣ ಹೋಯಿತು. ಅಲ್ಲಿನ ಸಂವಿಧಾನದಲ್ಲಿ 1983ರಲ್ಲಿ ಜನಮತದಿಂದಲೇ ಸೇರಿದ್ದ, ಗರ್ಭದಲ್ಲಿರುವ ಶಿಶುವಿಗೆ ತಾಯಿಯಷ್ಟೇ ಜೀವದ ಹಕ್ಕು ಕೊಟ್ಟ ಎಂಟನೆಯ ತಿದ್ದುಪಡಿಯನ್ನು 2018ರ ಮೇ 25ರಂದು ಐರ್ಲೆಂಡಿನ ಜನರು ಶೇ. 66ಕ್ಕೂ ಹೆಚ್ಚು ಮತದಿಂದ ತೆಗೆದುಹಾಕಿದರು, ಆ ಪ್ರಚಾರದ ಉದ್ದಕ್ಕೂ ಸವಿತಾ ಅವರ ಭಾವಚಿತ್ರ ಬೀದಿಗಳಲ್ಲಿತ್ತು. ಸಂವಿಧಾನದ ಒಂದು ವಾಕ್ಯವು ಆಸ್ಪತ್ರೆಯ ವಾರ್ಡಿನಲ್ಲಿ ವೈದ್ಯರ ಕೈಯನ್ನು ಹೇಗೆ ಕಟ್ಟಿಹಾಕಬಲ್ಲದೆಂಬುದನ್ನು ಕರ್ನಾಟಕದವರಿಗೆ ಬೇರೆ ಯಾರೂ ವಿವರಿಸಬೇಕಾಗಿಲ್ಲ. ಪ್ರಸ್ತಾವ 1ರ ಮುಂದೆ ‘ಹೌದು’ ಎಂಬ ಗುರುತನ್ನು ನಾನು ಯಾವ ಅನುಮಾನವೂ ಇಲ್ಲದೆ ಹಾಕಿದೆ.

ಪ್ರಶ್ನೆ: ಜೂಜಿನ ತೆರಿಗೆಯ ಹಣವನ್ನು ಮನೆಯಿಲ್ಲದವರಿಗೆ ಕೊಡುತ್ತೇವೆಂದ ಪ್ರಸ್ತಾವ 27ನ್ನು ಏಕೆ ವಿರೋಧಿಸಿದಿರಿ? ಜನ ಹೇಗೂ ಆಡುತ್ತಾರೆ, ಸರ್ಕಾರಕ್ಕಾದರೂ ಹಣ ಬರಲಿ ಎನ್ನಬಹುದಲ್ಲ? (ವ್ಯಾಪಾರಿ, ಹುಬ್ಬಳ್ಳಿ)

ಉತ್ತರ: ಕ್ರೀಡಾ ಬೆಟ್ಟಿಂಗ್ ಬಗ್ಗೆ ಎರಡು ಪ್ರಸ್ತಾವಗಳು ಒಟ್ಟಿಗೇ ಬಂದಿದ್ದವು. ಪ್ರಸ್ತಾವ 26 ಮೂಲನಿವಾಸಿ ಬುಡಕಟ್ಟುಗಳ ಕ್ಯಾಸಿನೊಗಳಲ್ಲಿಯೂ ನಾಲ್ಕು ಕುದುರೆ ಜೂಜಿನ ಮೈದಾನಗಳಲ್ಲಿಯೂ ಸ್ವತಃ ಹೋಗಿ ಬಾಜಿ ಕಟ್ಟಲು ಅವಕಾಶ ಕೇಳಿತು. ಪ್ರಸ್ತಾವ 27 ಫ್ಯಾನ್‌ಡ್ಯುಯೆಲ್, ಡ್ರಾಫ್ಟ್‌ಕಿಂಗ್ಸ್ ಮುಂತಾದ ಕಂಪನಿಗಳ ಹಣದಿಂದ ಬಂದದ್ದು. ಅದು ಮೊಬೈಲ್ ಫೋನಿನಲ್ಲಿಯೇ ಬಾಜಿ ಕಟ್ಟುವ ಅವಕಾಶ ಕೇಳಿತು. ಎರಡೂ ಕಡೆಯವರು ಸೇರಿ 45 ಕೋಟಿ ಡಾಲರ್‌ಗೂ ಹೆಚ್ಚು ಖರ್ಚು ಮಾಡಿದರು, ಅಮೆರಿಕದ ಯಾವ ರಾಜ್ಯದ ಪ್ರಸ್ತಾವಕ್ಕೂ ಅಷ್ಟರವರೆಗೆ ಅಷ್ಟು ಹಣ ಸುರಿದದ್ದಿರಲಿಲ್ಲ.

ಪ್ರಸ್ತಾವ 27ರ ಜಾಹೀರಾತುಗಳಲ್ಲಿ ಕಂಡದ್ದು ಗುಡಾರಗಳಲ್ಲಿ ಮಲಗಿದ ನಿರಾಶ್ರಿತರು. ಬರಹದಲ್ಲಿದ್ದದ್ದು ಶೇ. 10ರ ತೆರಿಗೆ, ಅದರಲ್ಲಿಯೂ ಕಳೆಯಬಹುದಾದ ಖರ್ಚುಗಳ ಪಟ್ಟಿ, ಮತ್ತು ದೊಡ್ಡ ಕಂಪನಿಗಳು ಮಾತ್ರ ಕಟ್ಟಲಾಗುವಷ್ಟು ಎತ್ತರದ ಪರವಾನಗಿ ಶುಲ್ಕ. ನಿರಾಶ್ರಿತರಿಗೆ ಹೋಗಬೇಕಾದ ಪಾಲು ಬಾಜಿ ಹೆಚ್ಚಿದಷ್ಟೂ ಹೆಚ್ಚುತ್ತದೆ ಎಂದಾದ ಮೇಲೆ, ಜೂಜನ್ನು ಹತೋಟಿಯಲ್ಲಿಡಬೇಕಾದ ಸರ್ಕಾರವೇ ಜೂಜು ಬೆಳೆಯಲೆಂದು ಕಾಯುವ ಸ್ಥಿತಿಗೆ ಬರುತ್ತದೆ. 2007ರಲ್ಲಿ ಲಾಟರಿಯನ್ನು ನಿಲ್ಲಿಸಿದ ಕರ್ನಾಟಕಕ್ಕೆ ಈ ಇಕ್ಕಟ್ಟು ಹೊಸದಲ್ಲ. ದಿನಗೂಲಿಯ ಹಣ ಲಾಟರಿ ಅಂಗಡಿಗೆ ಹೋಗುತ್ತಿದ್ದ ಕಾಲವನ್ನು ನಿಮ್ಮ ವಯಸ್ಸಿನವರು ಕಂಡೇ ಇರುತ್ತೀರಿ. ಅಂದು ಬಾಜಿ ಕಟ್ಟಲು ಅಂಗಡಿಯವರೆಗಾದರೂ ನಡೆಯಬೇಕಿತ್ತು. ಪ್ರಸ್ತಾವ 27ಕ್ಕೆ ಶೇ. 80ಕ್ಕೂ ಹೆಚ್ಚು ಜನ ‘ಇಲ್ಲ’ ಎಂದರು.

ಪ್ರಸ್ತಾವ 26ರ ಬಗ್ಗೆ ನನಗೆ ಅಷ್ಟು ಕಟುವಾದ ಅಭಿಪ್ರಾಯವಿಲ್ಲ. ನೆಲ ಕಳೆದುಕೊಂಡ ಬುಡಕಟ್ಟುಗಳಿಗೆ 2000ದಲ್ಲಿ ಮತದಾರರು ಕೊಟ್ಟ ಕ್ಯಾಸಿನೊ ಹಕ್ಕನ್ನು ನಾನು ಗೌರವಿಸುತ್ತೇನೆ. ಆದರೆ ಅದರ ಬರಹದಲ್ಲಿ, ಪೈಪೋಟಿಗಿದ್ದ ಇಸ್ಪೀಟು ಕ್ಲಬ್ಬುಗಳ ಮೇಲೆ ಖಾಸಗಿಯವರು ದಾವೆ ಹೂಡಲು ಅನುವು ಮಾಡುವ ಭಾಗವೊಂದು ಸೇರಿಕೊಂಡಿತ್ತು, ಅದಕ್ಕೂ ಬೆಟ್ಟಿಂಗಿಗೂ ಸಂಬಂಧವಿರಲಿಲ್ಲ.

ಪ್ರಶ್ನೆ: ನನ್ನ ಅಣ್ಣನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗುತ್ತದೆ. ಡಯಾಲಿಸಿಸ್ ಕೇಂದ್ರದಲ್ಲಿ ವೈದ್ಯರು ಇರಲೇಬೇಕೆಂಬ ಪ್ರಸ್ತಾವ 29ಕ್ಕೆ ನೀವು ‘ಇಲ್ಲ’ ಎಂದದ್ದನ್ನು ಓದಿ ನೋವಾಯಿತು. (ಒಬ್ಬ ಓದುಗರು, ತುಮಕೂರು)

ಉತ್ತರ: ನಿಮ್ಮ ನೋವು ನನಗೆ ಅರ್ಥವಾಗುತ್ತದೆ. ಯಂತ್ರಕ್ಕೆ ರಕ್ತನಾಳ ಜೋಡಿಸಿಕೊಂಡು ನಾಲ್ಕು ಗಂಟೆ ಮಲಗಿರುವ ಮನುಷ್ಯನ ಪಕ್ಕದಲ್ಲಿ ವೈದ್ಯರೊಬ್ಬರು ಇರಲಿ ಎಂಬುದಕ್ಕಿಂತ ನ್ಯಾಯವಾದ ಆಸೆ ಯಾವುದಿದೆ? ಆದ್ದರಿಂದಲೇ ಏಳರಲ್ಲಿ ನಾನು ಹೆಚ್ಚು ಹೊತ್ತು ಓದಿದ್ದು ಇದನ್ನು.

ಕ್ಯಾಲಿಫೋರ್ನಿಯಾದಲ್ಲಿ ಸುಮಾರು 650 ಡಯಾಲಿಸಿಸ್ ಕೇಂದ್ರಗಳಿದ್ದು ತಿಂಗಳಿಗೆ ಸುಮಾರು 80,000 ರೋಗಿಗಳು ಅಲ್ಲಿ ಚಿಕಿತ್ಸೆ ಪಡೆಯುತ್ತಾರೆ. ಪ್ರತಿ ಕೇಂದ್ರಕ್ಕೂ ಹೊಣೆಗಾರರಾದ ವೈದ್ಯಕೀಯ ನಿರ್ದೇಶಕರಿರಬೇಕು, ರೋಗಿಯ ಸ್ವಂತ ಮೂತ್ರಪಿಂಡ ತಜ್ಞರು ತಿಂಗಳಿಗೊಮ್ಮೆಯಾದರೂ ಚಿಕಿತ್ಸೆ ನಡೆಯುವಾಗಲೇ ಬಂದು ನೋಡಬೇಕು ಎಂಬ ನಿಯಮ ಮೊದಲೇ ಇದೆ. ಪ್ರಸ್ತಾವ 29 ಕೇಳಿದ್ದು ಚಿಕಿತ್ಸೆ ನಡೆಯುವ ಹೊತ್ತೆಲ್ಲ ಒಬ್ಬ ವೈದ್ಯರು, ಅಥವಾ ನರ್ಸ್ ಪ್ರಾಕ್ಟೀಷನರ್ (ಹೆಚ್ಚಿನ ತರಬೇತಿ ಪಡೆದ ದಾದಿ), ಅಥವಾ ಫಿಸಿಶಿಯನ್ ಅಸಿಸ್ಟೆಂಟ್ (ತರಬೇತಿ ಪಡೆದ ವೈದ್ಯ ಸಹಾಯಕ) ಹಾಜರಿರಬೇಕೆಂದು. ಅವರಿಗಿರಬೇಕಾದ ಅನುಭವ ಆರು ತಿಂಗಳು. ಅವರು ಮೂತ್ರಪಿಂಡ ತಜ್ಞರಾಗಿರಬೇಕೆಂದು ಬರಹದಲ್ಲಿರಲಿಲ್ಲ. ರಕ್ತದೊತ್ತಡ ಕುಸಿದಾಗ ಮೊದಲು ಓಡಿಬರುವವರು ದಾದಿಯರು ಮತ್ತು ತಂತ್ರಜ್ಞರು. ಒಬ್ಬೊಬ್ಬರು ಎಷ್ಟು ರೋಗಿಗಳನ್ನು ನೋಡಿಕೊಳ್ಳಬೇಕೆಂಬ ಮಿತಿಯ ಬಗ್ಗೆ ಅದು ಒಂದು ಮಾತನ್ನೂ ಹೇಳಲಿಲ್ಲ. ನಿಮ್ಮ ಅಣ್ಣನ ಸುರಕ್ಷತೆಗೆ ನಾನು ಬರೆಯುವುದಾದರೆ ಆ ಮಿತಿಯಿಂದಲೇ ಶುರುಮಾಡುತ್ತಿದ್ದೆ.

ಸೋಂಕಿನ ವಿವರಗಳನ್ನು ಬಹಿರಂಗಪಡಿಸಬೇಕು, ಕೇಂದ್ರದಲ್ಲಿ ಪಾಲು ಹೊಂದಿದ ವೈದ್ಯರ ಹೆಸರನ್ನು ರೋಗಿಗೆ ತಿಳಿಸಬೇಕು ಎಂಬ ಅಂಶಗಳು ಅದರಲ್ಲಿದ್ದವು. ಅವಷ್ಟೇ ಬಂದಿದ್ದರೆ ನಾನು ‘ಹೌದು’ ಎನ್ನುತ್ತಿದ್ದೆ. ಆದರೆ ಮತಪತ್ರದಲ್ಲಿ ಒಂದು ಸಾಲನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡುವ ಅವಕಾಶವಿಲ್ಲ. 2018ರಲ್ಲಿ ಪ್ರಸ್ತಾವ 8, 2020ರಲ್ಲಿ ಪ್ರಸ್ತಾವ 23, 2022ರಲ್ಲಿ ಪ್ರಸ್ತಾವ 29 ಎಂದು ಒಂದೇ ಆರೋಗ್ಯ ನೌಕರರ ಸಂಘ ಮೂರು ಚುನಾವಣೆಗಳಲ್ಲಿ ಡಯಾಲಿಸಿಸ್ ವಿಷಯವನ್ನು ತಂದಿತು, ಡಯಾಲಿಸಿಸ್ ಕೇಂದ್ರಗಳನ್ನು ನಡೆಸುವ ಡವಿಟಾ ಮತ್ತು ಫ್ರೆಸೇನಿಯಸ್ ಕಂಪನಿಗಳು ಮೂರೂ ಸಲ ಕೋಟಿಗಟ್ಟಲೆ ಡಾಲರ್ ಸುರಿದು ಸೋಲಿಸಿದವು. ಆ ಸಂಘದ ಬೇಡಿಕೆಗಳಲ್ಲಿ ನ್ಯಾಯವಿರಬಹುದು, ಕಂಪನಿಗಳ ಲಾಭದ ಬಗ್ಗೆ ನನಗೂ ಕೋಪವಿದೆ. ಅವರಿಬ್ಬರ ಹಗ್ಗಜಗ್ಗಾಟದ ನಡುವೆ ಮೂರು ಸಲ ಭಯಪಟ್ಟವರು ಮಾತ್ರ ಆ 80,000 ರೋಗಿಗಳು.

ಪ್ರಶ್ನೆ: ಕೋಟ್ಯಧೀಶರ ಮೇಲೆ ತೆರಿಗೆ, ವಿದ್ಯುತ್ ಕಾರುಗಳಿಗೆ ನೆರವು, ಕಾಡ್ಗಿಚ್ಚು ನಂದಿಸಲು ಹಣ. ಪ್ರಸ್ತಾವ 30ರಲ್ಲಿ ಒಪ್ಪಲಾಗದ್ದು ಏನಿತ್ತು? ಡೆಮಾಕ್ರಟಿಕ್ ಪಕ್ಷವೇ ಅದನ್ನು ಬೆಂಬಲಿಸಿತ್ತಲ್ಲ? (ಎಂಜಿನಿಯರ್, ಫ್ರೀಮಾಂಟ್)

ಉತ್ತರ: ವರ್ಷಕ್ಕೆ 20 ಲಕ್ಷ ಡಾಲರ್‌ಗಿಂತ ಹೆಚ್ಚಿನ ಆದಾಯದ ಮೇಲೆ ಶೇ. 1.75ರ ಹೆಚ್ಚುವರಿ ತೆರಿಗೆ ಹಾಕುವುದಕ್ಕೆ ನನ್ನ ತಕರಾರಿಲ್ಲ. ಅದರಿಂದ ವರ್ಷಕ್ಕೆ 350ರಿಂದ 500 ಕೋಟಿ ಡಾಲರ್ ಬರಬಹುದೆಂಬ ಅಂದಾಜಿತ್ತು, ಅದರ ಶೇ. 80ರಷ್ಟು ವಿದ್ಯುತ್ ವಾಹನಗಳ ಸಹಾಯಧನಕ್ಕೂ ಚಾರ್ಜಿಂಗ್ ಕೇಂದ್ರಗಳಿಗೂ ಮೀಸಲಾಗಿತ್ತು. ಆದರೆ ಈ ಪ್ರಸ್ತಾವಕ್ಕೆ 4 ಕೋಟಿ ಡಾಲರ್‌ಗೂ ಹೆಚ್ಚು ಹಣ ಕೊಟ್ಟದ್ದು ಬಾಡಿಗೆ ಕಾರು ಸೇವೆಯ ಲಿಫ್ಟ್ ಕಂಪನಿ. 2030ರ ಹೊತ್ತಿಗೆ ಇಂತಹ ಕಂಪನಿಗಳ ಕಾರುಗಳು ಓಡುವ ದೂರದ ಶೇ. 90ರಷ್ಟು ವಿದ್ಯುತ್ ವಾಹನಗಳಲ್ಲಿಯೇ ಆಗಬೇಕೆಂದು ರಾಜ್ಯದ ವಾಯು ಮಂಡಳಿಯು 2021ರಲ್ಲಿ ನಿಯಮ ಮಾಡಿತ್ತು. ಕಂಪನಿಯ ಮೇಲೆ ಬೀಳಬೇಕಾದ ಖರ್ಚಿನ ಒಂದು ಭಾಗವನ್ನು ರಾಜ್ಯದ ಬೊಕ್ಕಸ ಹೊರುವಂತೆ ಆಗುವುದನ್ನು ನಾನು ಒಪ್ಪಲಾರೆ.

ಎರಡನೆಯ ಕಾರಣ ರಾಜ್ಯದ ಆದಾಯದ ಸ್ವರೂಪ. ಅಲ್ಲಿ ವೈಯಕ್ತಿಕ ಆದಾಯ ತೆರಿಗೆಯ ಶೇ. 40ಕ್ಕೂ ಹೆಚ್ಚು ಭಾಗ ಬರುವುದು ಅತಿ ಶ್ರೀಮಂತರಾದ ಶೇ. 1ರಷ್ಟು ಜನರಿಂದ, ಷೇರು ಪೇಟೆ ಏರಿದರೆ ಬೊಕ್ಕಸ ಉಕ್ಕುತ್ತದೆ, ಬಿದ್ದರೆ ಬತ್ತುತ್ತದೆ. 2022ರ ಮೇ ತಿಂಗಳಲ್ಲಿ ಸುಮಾರು 9,750 ಕೋಟಿ ಡಾಲರ್ ಮಿಗತೆ ಘೋಷಿಸಿದ ರಾಜ್ಯ, 2023ರ ಜನವರಿಯಲ್ಲಿ 2,250 ಕೋಟಿ ಡಾಲರ್ ಕೊರತೆಯ ಅಂದಾಜನ್ನು ಮುಂದಿಟ್ಟಿತು. ಅಂತಹ ಚಂಚಲವಾದ ಆದಾಯವನ್ನು ಇಪ್ಪತ್ತು ವರ್ಷಗಳವರೆಗೆ ಒಂದೇ ಕೆಲಸಕ್ಕೆ ಕಟ್ಟಿಹಾಕುವುದು ಸರಿಯೆನಿಸಲಿಲ್ಲ. ಹೊಸ ಪೆಟ್ರೋಲ್ ಕಾರುಗಳ ಮಾರಾಟವನ್ನು 2035ರೊಳಗೆ ನಿಲ್ಲಿಸಬೇಕೆಂದು 2020ರಲ್ಲಿ ಆದೇಶ ಹೊರಡಿಸಿದ ನ್ಯೂಸಮ್ ಅವರೇ ತಮ್ಮ ಪಕ್ಷದ ನಿಲುವಿಗೆ ವಿರುದ್ಧವಾಗಿ ಟಿವಿ ಜಾಹೀರಾತಿನಲ್ಲಿ ಕಾಣಿಸಿಕೊಂಡು ಈ ಪ್ರಸ್ತಾವವನ್ನು ವಿರೋಧಿಸಿದರು. ಪಕ್ಷ ಹೇಳಿದ್ದಕ್ಕೆಲ್ಲ ತಲೆಯಾಡಿಸದ ಆ ನಡೆ ನನಗೆ ಮೆಚ್ಚುಗೆಯಾಯಿತು.

ಪ್ರಶ್ನೆ: ಸಂಗೀತ, ಚಿತ್ರಕಲೆಯ ಪಾಠಕ್ಕೆ ಹಣ ಕೊಡುವ ಪ್ರಸ್ತಾವ 28ಕ್ಕೂ ‘ಇಲ್ಲ’ ಎಂದಿರಾ? (ಸಂಗೀತ ಶಿಕ್ಷಕಿ, ಮೈಸೂರು)

ಉತ್ತರ: ಹೌದು, ಮತ್ತು ಅದರಲ್ಲಿ ನನ್ನ ನಿಲುವು ಸೋತಿತು, ಸುಮಾರು ಶೇ. 64ರಷ್ಟು ಜನ ಒಪ್ಪಿದ್ದರಿಂದ ಈಗ ಶಾಲಾ ಶಿಕ್ಷಣದ ಅನುದಾನದ ಶೇ. 1ಕ್ಕೆ ಸಮನಾದ ಹಣ, ಅಂದರೆ ವರ್ಷಕ್ಕೆ ಸುಮಾರು 100 ಕೋಟಿ ಡಾಲರ್, ಕಲಾ ಶಿಕ್ಷಣಕ್ಕೆ ಹೋಗುತ್ತಿದೆ. ಲಾಸ್ ಏಂಜಲೀಸ್ ಶಾಲಾ ಜಿಲ್ಲೆಯ ಮಾಜಿ ಸೂಪರಿಂಟೆಂಡೆಂಟ್ ಆಸ್ಟಿನ್ ಬ್ಯೂಟ್ನರ್ ಇದನ್ನು ಮುನ್ನಡೆಸಿದರು. ಮತದಾರರ ಅಧಿಕೃತ ಕೈಪಿಡಿಯಲ್ಲಿ ಇದನ್ನು ವಿರೋಧಿಸಿ ಯಾರೂ ಒಂದು ಸಾಲನ್ನೂ ಬರೆದು ಕೊಡಲಿಲ್ಲ. ಇದು ಹೊಸ ತೆರಿಗೆ ಹಾಕಲಿಲ್ಲ, ಇದ್ದ ಬೊಕ್ಕಸದಿಂದ ಒಂದು ಪಾಲನ್ನು ಮೊದಲೇ ಎತ್ತಿಟ್ಟಿತು. ಕೊರತೆಯ ವರ್ಷದಲ್ಲಿ ಆ ಹಣಕ್ಕಾಗಿ ಅಂಗವಿಕಲರ ಸೇವೆಯೋ ಬಡವರ ವೈದ್ಯಕೀಯ ನೆರವೋ ಕಡಿತಗೊಳ್ಳಬಹುದೆಂಬ ಚಿಂತೆ ನನ್ನದು. ಒಟ್ಟು ಬಜೆಟ್ಟಿನಲ್ಲಿ ಈ ಮೊತ್ತ ಚಿಕ್ಕದೆಂಬ ನಿಮ್ಮಂಥವರ ವಾದದಲ್ಲಿ ಹುರುಳಿದೆ. ಪ್ರತಿ ಮಗುವಿಗೂ ಸ್ವರ ತಾಳಗಳ ಪರಿಚಯವಾಗಬೇಕೆಂಬುದರಲ್ಲಿ ನಿಮಗೂ ನನಗೂ ಭೇದವಿಲ್ಲ. ಆ ಹಣವನ್ನು ಪ್ರತಿವರ್ಷವೂ ಶಾಸನಸಭೆಯ ಮುಂದೆ ನಿಂತು ಹೋರಾಡಿ ಪಡೆಯಬೇಕೆಂದು ನಾನು ಹೇಳುತ್ತೇನೆ, ಒಮ್ಮೆಗೇ ಬರೆದಿಡಬೇಕೆಂದು ನೀವು ಹೇಳುತ್ತೀರಿ.

ಪರಿಮಳದ ತಂಬಾಕನ್ನು ನಿಷೇಧಿಸಿದ ಕಾನೂನನ್ನು ಉಳಿಸುವ ಪ್ರಸ್ತಾವ 31ಕ್ಕೆ ನಾನು ‘ಹೌದು’ ಎಂದೆ. ಶಾಸನಸಭೆ 2020ರಲ್ಲಿಯೇ ಮಾಡಿದ ಕಾನೂನನ್ನು ತಂಬಾಕು ಕಂಪನಿಗಳು ಸಹಿ ಸಂಗ್ರಹಿಸಿ ಸುಮಾರು ಎರಡು ವರ್ಷ ತಡೆಹಿಡಿದಿದ್ದವು. ರೈಲ್ವೆ ಕಂಪನಿಯ ವಿರುದ್ಧ ಹುಟ್ಟಿದ ಹಕ್ಕು ಹೀಗೆ ಕಂಪನಿಗಳ ಕೈಗೆ ಹೋದದ್ದು ನನಗೆ ಬೇಸರದ ಸಂಗತಿ.

ಪ್ರಶ್ನೆ: ಮರಣದಂಡನೆ ಇರಲಿ ಎಂದು ಮತದಾರರು ಹೇಳಿದ್ದರೂ ನ್ಯೂಸಮ್ ಅದನ್ನು ತಡೆಹಿಡಿದರು. ಜನರ ತೀರ್ಪನ್ನು ಗೌರವಿಸದವರಿಗೆ ನೀವು ಹೇಗೆ ಮತ ಕೊಟ್ಟಿರಿ? ಅವರ ಎದುರಾಳಿ, ರಿಪಬ್ಲಿಕನ್ ಪಕ್ಷದ ಬ್ರಯಾನ್ ಡಾಲಿ ಏಕೆ ಬೇಡವಾದರು? (ಒಬ್ಬ ಮತದಾರರು, ಸ್ಯಾಕ್ರಮೆಂಟೊ)

ಉತ್ತರ: ಬಂದ ಪತ್ರಗಳಲ್ಲಿ ನನ್ನನ್ನು ಹೆಚ್ಚು ಯೋಚಿಸುವಂತೆ ಮಾಡಿದ ಪ್ರಶ್ನೆ ಇದು. ಮರಣದಂಡನೆಯನ್ನು ತೆಗೆಯುವ ಪ್ರಸ್ತಾವಗಳನ್ನು ಮತದಾರರು 2012ರಲ್ಲಿಯೂ 2016ರಲ್ಲಿಯೂ ತಿರಸ್ಕರಿಸಿದ್ದರು, 2016ರಲ್ಲಿ ಅದನ್ನು ಬೇಗ ಜಾರಿಗೊಳಿಸಬೇಕೆಂಬ ಪ್ರಸ್ತಾವ 66ನ್ನು ಒಪ್ಪಿದ್ದರು. ಹೀಗಿದ್ದೂ 2019ರ ಮಾರ್ಚ್‌ನಲ್ಲಿ ನ್ಯೂಸಮ್ 737 ಕೈದಿಗಳ ಮರಣದಂಡನೆಯನ್ನು ತಡೆಹಿಡಿದರು. ಆದರೆ ಅವರು ಶಿಕ್ಷೆಯನ್ನು ರದ್ದುಪಡಿಸಲಿಲ್ಲ, ಕಾನೂನನ್ನು ಬದಲಿಸಲೂ ಇಲ್ಲ. ಶಿಕ್ಷೆಯನ್ನು ಮುಂದೂಡುವ ಅಧಿಕಾರವನ್ನು ಅದೇ ರಾಜ್ಯ ಸಂವಿಧಾನ ಗವರ್ನರಿಗೆ ಕೊಟ್ಟಿದೆ. ಆ ಅಧಿಕಾರವನ್ನು ಕಿತ್ತುಕೊಳ್ಳಬೇಕೆಂದು ಜನರಿಗೆ ಅನಿಸಿದರೆ ಪ್ರಸ್ತಾವ ತರಬಹುದು. ಆ ನಿರ್ಧಾರದ ಬಳಿಕ, 2021ರ ಸೆಪ್ಟೆಂಬರ್‌ನಲ್ಲಿ, ಅವರನ್ನು ಹಿಂದಕ್ಕೆ ಕರೆಸಿಕೊಳ್ಳುವ ಚುನಾವಣೆ ನಡೆದಾಗ ಸುಮಾರು ಶೇ. 62ರಷ್ಟು ಜನ ಅವರೇ ಇರಲಿ ಎಂದರು. ಒಬ್ಬ ನಿರಪರಾಧಿಯ ಕೊರಳಿಗೂ ಸರ್ಕಾರದ ಕೈ ಹೋಗಬಾರದೆಂದು ನಂಬುವ ನನಗೆ ಆ ನಿರ್ಧಾರ ಸರಿಯೆಂದೇ ಕಂಡಿತು.

ನ್ಯೂಸಮ್ ಅವರಲ್ಲಿ ಒಪ್ಪಲಾಗದ್ದೂ ಇದೆ. 2022ರ ಎಣಿಕೆಯಲ್ಲಿ ರಾಜ್ಯದಲ್ಲಿ 1,70,000ಕ್ಕೂ ಹೆಚ್ಚು ಜನ ಮನೆಯಿಲ್ಲದವರಾಗಿದ್ದರು. ಕೋಟಿಗಟ್ಟಲೆ ಖರ್ಚಿನ ನಂತರವೂ ಬೀದಿಯ ಗುಡಾರಗಳು ಕಡಿಮೆಯಾಗಿರಲಿಲ್ಲ. ಎದುರಾಳಿಯೊಂದಿಗೆ ಅವರು ಒಪ್ಪಿದ್ದು ಅಕ್ಟೋಬರ್ 23ರ ಒಂದೇ ಒಂದು ಚರ್ಚೆಗೆ. ಗೆಲುವು ಖಚಿತವಿದ್ದವರು ಇನ್ನೂ ಹೆಚ್ಚು ಸಲ ಜನರ ಮುಂದೆ ಉತ್ತರ ಹೇಳಬೇಕಿತ್ತು.

ಡಾಲಿ ಅವರನ್ನು ನಾನು ಹಗುರವಾಗಿ ಕಂಡಿಲ್ಲ. ರಾಜ್ಯದ ಈಶಾನ್ಯ ಮೂಲೆಯ ಲಾಸೆನ್ ಕೌಂಟಿಯ ರೈತ, ಆಗ ರಾಜ್ಯ ಸೆನೆಟರ್. ನೀರು, ಕಾಡ್ಗಿಚ್ಚು, ಪೆಟ್ರೋಲ್ ಬೆಲೆ ಎಂದು ಕರಾವಳಿಯ ಶ್ರೀಮಂತ ನಗರಗಳಿಗೆ ಕೇಳಿಸದ ಕಷ್ಟಗಳನ್ನು ಅವರು ಗಟ್ಟಿಯಾಗಿ ಹೇಳಿದರು. ಆದರೆ ಅವರು ಪ್ರಸ್ತಾವ 1ನ್ನು ವಿರೋಧಿಸಿದ್ದರು. ಆ ವರ್ಷ ಬೇರೆ ರಾಜ್ಯಗಳಿಂದ ಚಿಕಿತ್ಸೆಗಾಗಿ ಬರುತ್ತಿದ್ದ ಹೆಂಗಸರನ್ನೂ ಅವರನ್ನು ನೋಡಿಕೊಳ್ಳುವ ವೈದ್ಯರನ್ನೂ ರಕ್ಷಿಸುವ ಕಾನೂನುಗಳಿಗೆ ಅಂಕಿತ ಹಾಕುವ ಕೈ ಯಾರದಿರಬೇಕೆಂಬುದು ನನಗೆ ಎಲ್ಲಕ್ಕಿಂತ ಮುಖ್ಯವಾಗಿತ್ತು. ಶೇ. 59ರಷ್ಟು ಮತ ಪಡೆದು ನ್ಯೂಸಮ್ ಗೆದ್ದರು.

ಪ್ರಶ್ನೆ: ಭಾರತದಲ್ಲಿಯೂ ಇಂತಹ ಜನಮತದ ವ್ಯವಸ್ಥೆ ಬೇಡವೇ? (ನಿವೃತ್ತ ನೌಕರರು, ಕಾರವಾರ)

ಉತ್ತರ: ನಿಮ್ಮ ನೆರೆಯ ಗೋವಾದಲ್ಲಿಯೇ ಒಮ್ಮೆ ನಡೆದಿದೆ. 1967ರ ಜನವರಿ 16ರಂದು, ಮಹಾರಾಷ್ಟ್ರದೊಂದಿಗೆ ಸೇರಬೇಕೇ ಬೇಡವೇ ಎಂದು ಕೇಳಿದಾಗ ಗೋವಾದ ಜನ 34,021 ಮತಗಳ ಅಂತರದಿಂದ ಬೇಡವೆಂದರು. ಅದಕ್ಕಾಗಿ ಸಂಸತ್ತು ಪ್ರತ್ಯೇಕ ಕಾನೂನನ್ನೇ ಮಾಡಬೇಕಾಯಿತು, ಏಕೆಂದರೆ ನಮ್ಮ ಸಂವಿಧಾನದಲ್ಲಿ ಅಂತಹ ಸಾಮಾನ್ಯ ಅವಕಾಶವಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಸಹಿ ಸಂಗ್ರಹಿಸುವವರಿಗೆ ಸಹಿಗಿಷ್ಟು ಎಂದು ಹಣ ಕೊಡುವ ಪದ್ಧತಿಯಿರುವುದನ್ನು ಕಂಡ ಮೇಲೆ, ಅದನ್ನು ಹಾಗೆಯೇ ಇಲ್ಲಿಗೆ ತರಬೇಕೆಂದು ನಾನು ಹೇಳಲಾರೆ. ನಮ್ಮಲ್ಲಿ ಗ್ರಾಮಸಭೆಗಳಿವೆ. ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ 2013ರಲ್ಲಿ ಒಡಿಶಾದ ನಿಯಮಗಿರಿಯ 12 ಗ್ರಾಮಸಭೆಗಳು ಬಾಕ್ಸೈಟ್ ಗಣಿ ಬೇಡವೆಂದು ಒಂದೇ ದನಿಯಲ್ಲಿ ಹೇಳಿದಾಗ, ತೀರ್ಮಾನಿಸಿದವರು ಆ ಬೆಟ್ಟವನ್ನು ಚೆನ್ನಾಗಿ ಬಲ್ಲವರಾಗಿದ್ದರು. ಮೊದಲು ಆ ಸಭೆಗಳು ನಿಜವಾಗಿ ನಡೆಯಲಿ.

ಪ್ರಶ್ನೆ: ಈಚೆಗೆ ಪೌರತ್ವ ಪಡೆದಿದ್ದೇನೆ. ನೂರಾರು ಪುಟದ ಕೈಪಿಡಿಯನ್ನು ಓದುವುದೆಲ್ಲಿಂದ? (ಓದುಗರು, ಸನಿವೇಲ್)

ಉತ್ತರ: ಮೊದಲ ಪುಟಗಳಲ್ಲಿರುವ ಪರ ವಿರೋಧದ ವಾದಗಳನ್ನು ಕೊನೆಗೆ ಇಟ್ಟುಕೊಳ್ಳಿ. ಯಾವ ಪಕ್ಷಕ್ಕೂ ಸೇರದ ಶಾಸಕಾಂಗ ವಿಶ್ಲೇಷಕರ ಕಚೇರಿಯವರು ಬರೆದ ಹಣಕಾಸಿನ ವಿಶ್ಲೇಷಣೆಯಿಂದ ಶುರುಮಾಡಿ, ಆಮೇಲೆ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿರುವ ಕಾನೂನಿನ ಪೂರ್ಣ ಪಾಠವನ್ನು ತೆರೆಯಿರಿ. ಅಲ್ಲಿ ಹೊಡೆದುಹಾಕಿದ ಸಾಲುಗಳನ್ನೂ ತಿದ್ದುಪಡಿಗೆ ಸಂಬಂಧಿಸಿದ ಕಲಮನ್ನೂ ತಪ್ಪದೆ ನೋಡಿ, ಪ್ರಸ್ತಾವಕ್ಕೆ ಹೆಚ್ಚು ಹಣ ಕೊಟ್ಟವರ ಪಟ್ಟಿಯನ್ನು ರಾಜ್ಯ ಕಾರ್ಯದರ್ಶಿಯವರ ಜಾಲತಾಣದಲ್ಲಿ ಹುಡುಕಿ. ಕೈಪಿಡಿ ಹಿಂದಿಯಲ್ಲಿ ಸಿಗುತ್ತದೆ, ಕನ್ನಡದಲ್ಲಿ ಸಿಗುವುದಿಲ್ಲ. ನಿಮ್ಮೊಂದಿಗಿರುವ ಹಿರಿಯರೂ ಪೌರರಾಗಿದ್ದರೆ ಅವರ ಜೊತೆ ಕುಳಿತು ಕನ್ನಡದಲ್ಲಿ ವಿವರಿಸಿ, ಗುರುತನ್ನು ಅವರೇ ಹಾಕಲಿ. ಅರ್ಥವಾಗದ ಪ್ರಸ್ತಾವದ ಮುಂದಿನ ಜಾಗವನ್ನು ಖಾಲಿ ಬಿಟ್ಟರೂ ಉಳಿದ ಮತಗಳು ಎಣಿಕೆಯಾಗುತ್ತವೆ. ಅಂಚೆಯ ಮೂಲಕ ಮತ ಹಾಕುವಾಗ ಮತಪತ್ರದ ಲಕೋಟೆಯ ಹೊರಗೆ ಸಹಿ ಮಾಡುವುದನ್ನು ಮಾತ್ರ ಮರೆಯಬೇಡಿ. ಆ ಸಹಿಯನ್ನು ನೋಂದಣಿಯಲ್ಲಿರುವ ಸಹಿಯೊಂದಿಗೆ ಹೋಲಿಸಿ ನೋಡಿದ ಮೇಲೆಯೇ ಲಕೋಟೆಯನ್ನು ತೆರೆಯುತ್ತಾರೆ.